ತೊಟ್ಟಿಲ ಕೂಸಿಗೆ ನೆಗಡಿ, ಮಾರುಕಟ್ಟೆಯಲ್ಲಿ ಮದ್ದು

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾದಾಗ, ಮತ್ತೊಂದು ಕೋವಿಡ್ ಬಂತೆಂದು ನಾಡೆಲ್ಲ ಬೆಚ್ಚಿತ್ತು. ಅದು ಹೊಸ ವೈರಸ್ ಅಲ್ಲ. 2001ರಲ್ಲೇ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು. ಆ ಗದ್ದಲದಲ್ಲಿ ಅದರ ಬಲಾಢ್ಯ ದಾಯಾದಿ ಆರ್‌ಎಸ್‌ವಿಯ ಹೆಸರನ್ನು ಹೆಚ್ಚು ಜನ ಎತ್ತಲಿಲ್ಲ.

ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ತಗಲುವ ವೈರಸ್ ಇದು. ಶಾಲೆಗೆ ಹೋಗುವ ಅಣ್ಣನಿಗೆ ಬರೀ ಮೂಗು ಸೋರುತ್ತದೆ. ಅದೇ ನೆಗಡಿ ತೊಟ್ಟಿಲ ತಂಗಿಗೆ ಹತ್ತಿದರೆ, ನೂಲಿನಷ್ಟು ಸಣ್ಣ ಶ್ವಾಸನಾಳಗಳು ಬಾತು, ಕಫ ಕಟ್ಟಿ, ಉಸಿರಾಟವೇ ಕಷ್ಟವಾಗುತ್ತದೆ. ಹೃದಯ ಇಲ್ಲವೇ ಶ್ವಾಸಕೋಶದ ಕಾಯಿಲೆಯುಳ್ಳ ಅಜ್ಜಿಗೂ ಅಪಾಯ ತಪ್ಪಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಇದರಿಂದ ವರ್ಷಕ್ಕೆ ಸುಮಾರು 1 ಲಕ್ಷ ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಾರೆ. ಅವರಲ್ಲಿ ಅರ್ಧದಷ್ಟು ಆರು ತಿಂಗಳೊಳಗಿನ ಕೂಸುಗಳು. ಸಾವುಗಳಲ್ಲಿ ಬಹುಪಾಲು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲೇ.

ಲಸಿಕೆಗೆ ಇಷ್ಟು ತಡವೇಕೆ? 1966ರಲ್ಲಿ ಅಮೆರಿಕದಲ್ಲಿ ವೈರಸ್ಸನ್ನು ಫಾರ್ಮಲಿನ್‌ನಲ್ಲಿ ಕೊಂದು ತಯಾರಿಸಿದ ಲಸಿಕೆಯ ಪ್ರಯೋಗ ನಡೆಯಿತು. ಲಸಿಕೆ ಪಡೆದ ಮಕ್ಕಳಿಗೇ ಆಮೇಲೆ ರೋಗ ಉಲ್ಬಣಿಸಿ, ಎರಡು ಮಕ್ಕಳು ತೀರಿಕೊಂಡವು. ಅಲ್ಲಿಗೆ ದಶಕಗಳ ಕಾಲ ಕಂಪನಿಗಳು ಹಿಂದೆ ಸರಿದವು. ಗುಟ್ಟು ವೈರಸ್ಸಿನ ಮೈಮೇಲಿನ ಎಫ್ ಎಂಬ ಪ್ರೋಟೀನಿನಲ್ಲಿತ್ತು. ಜೀವಕೋಶಕ್ಕೆ ನುಗ್ಗುವ ಮೊದಲು ಅದು ಅದುಮಿಟ್ಟ ಸ್ಪ್ರಿಂಗಿನಂತೆ. ನುಗ್ಗುವಾಗ ಚಾಚಿಕೊಂಡು ರೂಪವನ್ನೇ ಬದಲಿಸುತ್ತದೆ. 2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ ಮತ್ತು ಸಂಗಡಿಗರು ಆ ಮೊದಲ ರೂಪವನ್ನು ಸ್ಥಿರವಾಗಿ ಹಿಡಿದಿಟ್ಟರು. ಹತ್ತೇ ವರ್ಷದಲ್ಲಿ ಔಷಧಗಳು ಸಾಲುಗಟ್ಟಿದವು: ವೃದ್ಧರಿಗೆ ಅರೆಕ್ಸ್‌ವಿ, ವೃದ್ಧರಿಗೂ ಗರ್ಭಿಣಿಯರಿಗೂ ಅಬ್ರಿಸ್ವೊ, ಕೂಸುಗಳಿಗೆ ನಿರ್ಸೆವಿಮ್ಯಾಬ್. ಕೊನೆಯದು ಲಸಿಕೆಯಲ್ಲ, ಸಿದ್ಧ ಪ್ರತಿಕಾಯ. ಸ್ಪೇನಿನ ಗಲೀಸಿಯಾ ಪ್ರಾಂತದಲ್ಲಿ 2023-24ರ ಚಳಿಗಾಲದಲ್ಲಿ ಅದನ್ನು ಕೂಸುಗಳಿಗೆ ಕೊಟ್ಟಾಗ ಆಸ್ಪತ್ರೆ ಸೇರುವ ಪ್ರಮಾಣ ಶೇ 82ರಷ್ಟು ತಗ್ಗಿತು.

ಇನ್ನು ಹಣದ ಮಾತು. ನಿರ್ಸೆವಿಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ನಿಗದಿಯಾದ ಬೆಲೆ ಡೋಸಿಗೆ 495 ಡಾಲರ್. 2024ರಲ್ಲಿ ಅದರ ಮಾರಾಟ ಸುಮಾರು 170 ಕೋಟಿ ಯೂರೊ. ಇತ್ತ ಹಿರಿಯೂರು-ಚಿತ್ರದುರ್ಗ ನಡುವಿನ ಐಮಂಗಲದ ತಾಯಿಗೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಆರ್‌ಎಸ್‌ವಿ ಮದ್ದು ಸಿಗುವುದಿಲ್ಲ. ಮದ್ದು ಒಂದು ಕಡೆ, ಸಾವು ಇನ್ನೊಂದು ಕಡೆ ಎನ್ನದೆ ವಿಧಿಯಿಲ್ಲ.

ಹಾಗೆಂದು ಬೆಲೆ ಇಳಿಯದ ವಸ್ತುವೇನಲ್ಲ. ಭಾರತದ್ದೇ ರೋಟಾ ಲಸಿಕೆ ರೋಟಾವ್ಯಾಕ್ ಸರ್ಕಾರಕ್ಕೆ ಡೋಸಿಗೆ 1 ಡಾಲರಿನಂತೆ ಒದಗಿತು. ಒಂದು ಕಾಲಕ್ಕೆ ಉಳ್ಳವರಿಗಷ್ಟೇ ಎಟುಕುತ್ತಿದ್ದ ನ್ಯೂಮೊಕಾಕಲ್ ಲಸಿಕೆ 2021ರಿಂದ ದೇಶದಾದ್ಯಂತ ಉಚಿತ; ಐಮಂಗಲದ ಕೂಸಿಗೂ 6 ವಾರ, 14 ವಾರ, 9 ತಿಂಗಳಿಗೆ ಅದು ಸಲ್ಲಬೇಕು. ಆದರೆ ಅದು ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾಕ್ಕೆ, ಆರ್‌ಎಸ್‌ವಿಗಲ್ಲ.

ಸದ್ಯಕ್ಕೆ ಎದೆಹಾಲು, ಒಲೆಯ ಹೊಗೆಯಿಲ್ಲದ ಕೋಣೆ, ಶಾಲೆಯಿಂದ ಬಂದವರು ಸೋಪು ಹಚ್ಚಿ ಕೈ ತೊಳೆದು ಕೂಸನ್ನು ಎತ್ತಿಕೊಳ್ಳುವುದು, ಇವಿಷ್ಟೇ ಕೈಲಿರುವುದು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ, ಒಂದು ವರ್ಷದೊಳಗಿನದು 50 ಸಲ ಅಥವಾ ಹೆಚ್ಚು ಉಸಿರಾಡಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆ ಒಳಸೇದಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.