ಕಲ್ನಾರಿನ ಧೂಳೂ ನಲವತ್ತು ವರ್ಷದ ದಫ್ತರವೂ

ಆಸ್ಬೆಸ್ಟಾಸ್ ಎಂಬ ಖನಿಜಕ್ಕೆ ನಮ್ಮ ಭಾಷೆಯಲ್ಲಿ ಕಲ್ನಾರು ಎಂಬ ಅನ್ವರ್ಥನಾಮವುಂಟು. ಕಲ್ಲಾಗಿದ್ದೂ ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ, ಬೆಂಕಿಗೆ ಅಂಜದ ಈ ವಸ್ತುವು ಸಿಮೆಂಟಿನೊಡನೆ ಬೆರೆತು ನಮ್ಮ ಊರುಗಳ ಗಿರಣಿ, ಗೋದಾಮುಗಳ ಮಾಡಾಗಿ ನಿಂತಿರುವುದನ್ನು ಕಾಣದವರಿಲ್ಲ. ಯಾವ ಅಳಿಯದ ಗುಣಕ್ಕಾಗಿ ಅದನ್ನು ಕೊಂಡೆವೋ ಆ ಗುಣವೇ ಮನುಷ್ಯನ ಎದೆಯನ್ನು ಹೊಕ್ಕಾಗ ಮೃತ್ಯುವಾಗುವುದೆಂಬುದನ್ನು ಬಲ್ಲವರು ಮಾತ್ರ ಕಡಿಮೆ.

ಗಣಿಯಲ್ಲಿ, ಕಾರ್ಖಾನೆಯಲ್ಲಿ, ತಗಡನ್ನು ಕೊಯ್ಯುವಲ್ಲಿ ಏಳುವ ಸೂಕ್ಷ್ಮವಾದ ಎಳೆಗಳು ಉಸಿರಿನೊಡನೆ ಒಳಸೇರಿ ಪುಪ್ಪುಸದ ಆಳಕ್ಕಿಳಿಯುತ್ತವೆ. ಕೆಲವು ಅದನ್ನು ಸುತ್ತುವರಿದ ತೆಳುಪೊರೆಯನ್ನೇ ಮುಟ್ಟುತ್ತವೆ. ದೇಹದ ಕಾವಲುಕಣಗಳು ಉದ್ದನೆಯ ಎಳೆಯನ್ನು ನುಂಗಿ ಅರಗಿಸಲಾರವು. ಉರಿಯೂತವು ನಿಲ್ಲದೆ, ಬಹುಕಾಲದ ಮೇಲೆ ಆ ಪೊರೆಯಲ್ಲಿ ಕ್ಯಾನ್ಸರು ತಲೆದೋರುವುದು. ಇದಕ್ಕೆ ಮೆಸೊಥೆಲಿಯೋಮ ಎಂದು ಹೆಸರು. ಕಲ್ನಾರಿನಿಂದ ಪುಪ್ಪುಸದೊಳಗೇ ಹುಟ್ಟುವ ಕ್ಯಾನ್ಸರಿಗೆ ಧೂಮಪಾನವು ನೆರವಾಗುವುದು ನಿಜ. ಪೊರೆಯ ಈ ರೋಗಕ್ಕೆ ಮಾತ್ರ ಬೀಡಿ ಸಿಗರೇಟುಗಳು ಕಾರಣವಲ್ಲ. ಸೇದುತ್ತಿದ್ದನು, ಸತ್ತನು ಎಂದು ಕೈತೊಳೆದುಕೊಳ್ಳುವ ಮಾಲಿಕರ ಸಮಾಧಾನವು ಇಲ್ಲಿ ನಿಲ್ಲದು.

1960ರಲ್ಲಿ ವಾಗ್ನರ್ ಮತ್ತು ಅವರ ಸಂಗಡಿಗರು ದಕ್ಷಿಣ ಆಫ್ರಿಕದ ವಾಯವ್ಯ ಕೇಪ್ ಪ್ರಾಂತದ 33 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬರ ಹೊರತು ಉಳಿದವರೆಲ್ಲರಿಗೂ ನೀಲಿ ಕಲ್ನಾರಿನ ಸಂಪರ್ಕ ಕಂಡುಬಂದಿತು; ಅವರಲ್ಲಿ ಗಣಿಯಲ್ಲಿ ದುಡಿಯದೆ, ಅದರ ನೆರೆಯಲ್ಲಿ ಬಾಲ್ಯವನ್ನು ಕಳೆದಿದ್ದವರೂ ಇದ್ದರು. 1965ರಲ್ಲಿ ಲಂಡನ್ನಿನ 76 ರೋಗಿಗಳ ಪೂರ್ವವೃತ್ತಾಂತವನ್ನು ಕೆದಕಲಾಗಿ, 9 ಮಂದಿಯು ಕಲ್ನಾರಿನ ಕಾರ್ಮಿಕರ ಮನೆಯವರೆಂದು ತಿಳಿಯಿತು. ಗಂಡನ ಕೆಲಸದ ಬಟ್ಟೆಯನ್ನು ಒಗೆದುದೇ ಹೆಂಡತಿಯ ಅಪರಾಧವಾಗಿದ್ದಿತು!

ಧೂಳು ಕುಡಿದ ದಿನಕ್ಕೂ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುವ ದಿನಕ್ಕೂ ನಡುವೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳು ಸಲ್ಲುತ್ತವೆ. ಅಷ್ಟರಲ್ಲಿ ಕಾರ್ಮಿಕನು ಊರು ಬಿಟ್ಟಿರುತ್ತಾನೆ, ಕಾರ್ಖಾನೆಯು ಕೈಬದಲಾಗಿರುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು ಇದನ್ನರಿತೇ 1995ರ ಜನವರಿಯಲ್ಲಿ, ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡತಕ್ಕದ್ದೆಂದು ವಿಧಿಸಿತು.

ದೇಶದಲ್ಲಿ ಕಲ್ನಾರಿನ ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದನ್ನು ಸರಕಾರವು 1986ರಲ್ಲಿ ನಿಲ್ಲಿಸಿತು. ಬಿಳಿಯ ಕಲ್ನಾರಾದರೋ ಅದಾದ ಮೇಲೂ ಪರದೇಶದಿಂದ ಹಡಗುಗಳಲ್ಲಿ ಬಂದಿಳಿಯುತ್ತಲೇ ಇದೆ. ಸ್ವಂತ ನೆಲದಲ್ಲಿ ಅಗೆಯಲು ಅಂಜಿದುದನ್ನು ಹಣ ತೆತ್ತು ತರಿಸಿಕೊಳ್ಳುವ ಈ ನೀತಿಯ ಮರ್ಮವು ನಮಗೆ ಬಗೆಹರಿಯದು. ಅದು ಬಗೆಹರಿಯುವವರೆಗಾದರೂ ಆ ದಫ್ತರಗಳು ಗೆದ್ದಲಿಗೆ ಆಹಾರವಾಗಬಾರದು. ಅವುಗಳಲ್ಲಿ ಗುತ್ತಿಗೆಯಾಳುಗಳ ಹೆಸರಿದೆಯೇ? ಮುಚ್ಚಿದ ಕಾರ್ಖಾನೆಗಳ ದಾಖಲೆಗಳು ಯಾರ ವಶದಲ್ಲಿವೆ? ಕಾರ್ಖಾನೆಗಳ ತಪಾಸಣಾಧಿಕಾರಿಗಳು ಇದನ್ನು ಸಾರ್ವಜನಿಕರಿಗೆ ತಿಳಿಸಬೇಕೆಂದೂ, ಎದೆಯ ರೋಗಿಯನ್ನು ನೋಡುವ ವೈದ್ಯರು ಅವನು ಪ್ರಾಯದಲ್ಲಿ ಎಲ್ಲಿ ದುಡಿದನೆಂದು ತಪ್ಪದೆ ಕೇಳಿ ಬರೆದಿಡಬೇಕೆಂದೂ ನಾವು ಆಗ್ರಹಪಡಿಸುತ್ತೇವೆ.