ಸ್ಟೇಜ್ ಮೇಲೆ ಹಾಡಿದ್ರೆ ಓಕೆ, ಅಪ್‌ಲೋಡ್ ಮಾಡಿದ್ರೆ ಯಾಕೆ ತಕರಾರು?

(ಪಾಡ್‌ಕಾಸ್ಟ್‌ನ ಈ ಕಂತಿನ ಪಠ್ಯರೂಪ. ಕೇಳೋಕೆ ಆಗದವರು ಇಲ್ಲೇ ಓದಿಕೊಳ್ಳಬಹುದು.)

ಇಯರ್‌ಫೋನ್ ಹಾಕ್ಕೊಂಡು ರೆಡಿಯಾಗಿದ್ದೀರಾ? ಇವತ್ತು ನಾನು ಹೇಳೋಕೆ ಹೊರಟಿರೋದು ಸದ್ದೇ ಇಲ್ಲದ ಒಂದು ವಿಡಿಯೋ ಬಗ್ಗೆ. 19 ನಿಮಿಷದ ವಿಡಿಯೋ ಅದು. ಗಣಪತಿ ಪೆಂಡಾಲ್, ಸೀರಿಯಲ್ ಲೈಟು, ಸ್ಟೇಜ್ ಮೇಲೆ ನಮ್ಮ ಬ್ಯಾಂಡು, ನಡುವೆ ಒಬ್ಬ ಅಜ್ಜ ಡೊಳ್ಳು ಬಾರಿಸ್ತಾ ಹಾಡ್ತಿದ್ದಾರೆ. ಎಲ್ಲಾ ಕಾಣುತ್ತೆ, ಏನೂ ಕೇಳಿಸಲ್ಲ. ಸೌಂಡ್ ತೆಗೆದವರು ಬೇರೆ ಯಾರೂ ಅಲ್ಲ, ನಾವೇ.

ಅದು ಹೇಗಾಯ್ತು, ಹಾಗಾಗದ ಹಾಗೆ ನೀವು ಏನು ಮಾಡಬಹುದು ಅನ್ನೋದು ಇವತ್ತಿನ ವಿಷಯ. ಊರಲ್ಲಿ ಹಾಡೋರು, ಬಾರಿಸೋರು, ಮೊಬೈಲ್ ಹಿಡಿದು ರೆಕಾರ್ಡ್ ಮಾಡೋರು, ಎಲ್ಲರಿಗೂ ಬೇಕಾಗೋ ವಿಷಯ ಇದು.

ಮೂರು ಊರು, ಆರು ಜನ

ನಮ್ಮದು ಹವ್ಯಾಸಿ ತಂಡ. ಕಡೂರಿನವರು ಇಬ್ಬರು, ತರೀಕೆರೆಯವರು ಇಬ್ಬರು, ಅಜ್ಜಂಪುರ ಕಡೆಯವರು ನಾವಿಬ್ಬರು. ನಮ್ಮ ಕಡೆಯ ರೈಲು ಹಳಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಬೀರೂರು ಜಂಕ್ಷನ್‌ನಿಂದ ಒಂದು ಹಳಿ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗುತ್ತೆ. ಇನ್ನೊಂದು ಅಜ್ಜಂಪುರ ಮೇಲೆ ಹುಬ್ಬಳ್ಳಿ ಕಡೆಗೆ. ಬೆಂಗಳೂರು ದಿಕ್ಕಿಗೆ ಹೊರಟ್ರೆ ಕಡೂರು ಪಕ್ಕದಲ್ಲೇ. ಹಾಗಾಗಿ ನಾವು ಸೇರೋದು ಬೀರೂರಲ್ಲಿ, ಪರಿಚಯದವರ ಕೊಬ್ಬರಿ ಗೋಡೌನಿನ ಮಹಡಿ ಮೇಲೆ. ಪ್ರಾಕ್ಟೀಸ್ ಮುಗಿಸಿ ಮನೆಗೆ ಹೋದ್ರೆ ಬಟ್ಟೆಯೆಲ್ಲಾ ಕೊಬ್ಬರಿ ವಾಸನೆ.

ಒಬ್ಬ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾನೆ, ಒಬ್ಬಳು ಅತಿಥಿ ಉಪನ್ಯಾಸಕಿ, ಒಬ್ಬನದು ಮೊಬೈಲ್ ರಿಪೇರಿ ಅಂಗಡಿ. ನಾನು ಬೆಳಗ್ಗೆ ಈರುಳ್ಳಿ ಹೊಲ, ಸಂಜೆ ರಿದಂ ಪ್ಯಾಡ್. ಸಂಭಾವನೆ ಅಂತ ಏನೂ ಇಲ್ಲ. ಕಮಿಟಿಯವರು ಊಟ ಹಾಕ್ತಾರೆ, ಶಾಲು ಹೊದಿಸ್ತಾರೆ, ಪೆಟ್ರೋಲಿಗೆ ಕೊಡ್ತಾರೆ. ಉಳಿದ ಖರ್ಚು ನಮ್ಮ ಕೈಯಿಂದಲೇ.

ಬಾರಿಸೋದು ಒಂದು ಕಡೆ, ಕೇಳೋ ಹುಚ್ಚು ಇನ್ನೊಂದು ಕಡೆ. ಬೀರೂರಿನ ಮೈಲಾರಲಿಂಗನ ಜಾತ್ರೆಗೆ ಗೊರವರ ಡಮರುಗ ಕೇಳೋಕೆ ಹೋಗ್ತೀವಿ. ವೀರಗಾಸೆ ಎಲ್ಲಿದೆ ಅಂದ್ರೆ ಅಲ್ಲಿಗೆ. ಅಂತರಘಟ್ಟೆ ಜಾತ್ರೆಗೆ ಎತ್ತಿನಗಾಡಿ ನೋಡೋಕೆ ಅಂತ ಹೊರಟವರು ವಾದ್ಯ ಕೇಳ್ತಾ ನಿಂತುಬಿಡ್ತೀವಿ. ಇಂಥ ಜಾಗಗಳಲ್ಲೇ ಆ ಅಜ್ಜನನ್ನ ನೋಡಿದ್ದು.

ಆ ರಾತ್ರಿ ಏನಾಯ್ತು

ಅಜ್ಜ ಬೀರಪ್ಪನ ಒಕ್ಕಲು. ಅವರ ಡೊಳ್ಳಿನ ಮೇಳ ಅವತ್ತು ಗಣಪತಿ ಮೆರವಣಿಗೆಗೆ ಬಂದಿತ್ತು. ಗಣಪತಿ ಹಬ್ಬ ಅಂದ್ರೆ ಮಳೆಗಾಲ. ತಂಡಿಗೆ ಡೊಳ್ಳಿನ ಚರ್ಮ ಸಡಿಲ ಆಗಿ ಸದ್ದು ಮಂಕಾಗುತ್ತೆ. ಅದಕ್ಕೇ ಮೇಳದವರು ಸ್ಟೇಜ್ ಪಕ್ಕ ತೆಂಗಿನಮಟ್ಟೆ ಬೆಂಕಿ ಮಾಡಿ ಚರ್ಮ ಕಾಯಿಸ್ತಾ ಕೂತಿದ್ರು.

ನಮ್ಮ ಕೀಬೋರ್ಡ್ ಹುಡುಗನಿಗೆ ಅವತ್ತು ಜ್ವರ. ಹಾಗಾಗಿ ಒಂದು ಸಿನಿಮಾ ಹಾಡಿಗೆ ಮೈನಸ್ ಟ್ರ್ಯಾಕ್ ಹಾಕಿದ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಹಾಡಿನಲ್ಲಿ ಗಾಯಕರ ದನಿ ತೆಗೆದು, ಬರೀ ವಾದ್ಯ ಉಳಿಸಿರೋ ಟ್ರ್ಯಾಕ್ ಅದು. ಫೋನಿಂದ ಪ್ಲೇ ಮಾಡಿ ಅದರ ಮೇಲೆ ನಾವು ಹಾಡೋದು.

ಅಜ್ಜ ಕೆಳಗಿಂದ ಕೂಗಿದ್ರು, "ಏನ್ ಹುಡುಗ್ರಾ, ಫೋನಲ್ಲಿ ಬಾರಿಸ್ತೀರಲ್ಲ, ನಿಮ್ಮ ಕೈಗೇನಾಗಿದೆ?" ಜನ ನಕ್ಕರು. ನಮ್ಮ ಗಾಯಕಿ, "ನೀವೇ ಬನ್ನಿ ಅಜ್ಜ, ಕೈ ತೋರಿಸಿ" ಅಂದಳು. ಬಂದೇಬಿಟ್ರು. ಮೊದಲು ಆ ಸಿನಿಮಾ ಹಾಡಿಗೇ ಡೊಳ್ಳು ಸೇರಿಸಿದ್ರು. ಆಮೇಲೆ ಟ್ರ್ಯಾಕ್ ನಿಲ್ಲಿಸಿ ಅಂದು ಬೀರಪ್ಪನ ಪದ ಎತ್ತಿದ್ರು. ಹತ್ತು ಗಂಟೆಗೆ ಮೈಕ್ ಬಂದ್ ಆಗೋವರೆಗೂ ಹಾಡಿದ್ರು. ಆ ಪದ ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಎಲ್ಲೂ ಕೇಳಿಲ್ಲ.

ಮಾರನೇ ದಿನ ವಿಡಿಯೋ ಅಪ್‌ಲೋಡ್ ಮಾಡಿದೆ. ಫೋನಲ್ಲಿ ಜಾಗ ಇರಲಿಲ್ಲ, ಹೆಂಗೂ ಅಪ್‌ಲೋಡ್ ಆಯ್ತಲ್ಲ ಅಂತ ಒರಿಜಿನಲ್ ಫೈಲ್ ಡಿಲೀಟ್ ಮಾಡಿದೆ. ಸಂಜೆ ನೋಟಿಸ್ ಬಂತು: ನಿಮ್ಮ ವಿಡಿಯೋದಲ್ಲಿ ಬೇರೆಯವರ ಕಾಪಿರೈಟ್ ಇರೋ ಆಡಿಯೋ ಇದೆ. ಕೇಸ್ ಹಾಕ್ತಾರೇನೋ ಅಂತ ನಮಗೆ ಗಾಬರಿ. ಕೆಳಗೆ ಆಯ್ಕೆಗಳಿದ್ವು: ಆ ಭಾಗ ಕತ್ತರಿಸಿ, ಹಾಡು ಬದಲಿಸಿ, ಸೌಂಡ್ ತೆಗೆಯಿರಿ. ಸರಿಯಾಗಿ ಓದದೆ ಮೂರನೇದನ್ನ ಒತ್ತಿ ಸೇವ್ ಮಾಡಿದ್ವಿ. ಇಡೀ 19 ನಿಮಿಷದ ಸೌಂಡ್ ಹೋಯ್ತು. ಟ್ರ್ಯಾಕ್ ಇದ್ದಿದ್ದು ನಾಲ್ಕೇ ನಿಮಿಷ.

ಇರಲಿ, ಮುಂದಿನ ವರ್ಷ ಅಜ್ಜನ ಹತ್ರ ಮತ್ತೆ ಹಾಡಿಸೋಣ ಅಂದ್ಕೊಂಡ್ವಿ. ಯುಗಾದಿಗೆ ಮುಂಚೆಯೇ ಅಜ್ಜ ತೀರಿಕೊಂಡ್ರು.

ಒಂದು ಹಾಡು, ಮೂರು ಹಕ್ಕು

ಈಗ ಕಾನೂನಿನ ಭಾಗ. ಬೋರ್ ಆಗಲ್ಲ, ಇರಿ.

ಸಿನಿಮಾ ಹಾಡು ನಮಗೆ ಒಂದೇ ವಸ್ತು ಅನ್ನಿಸುತ್ತೆ. ಕಾಯ್ದೆ ಕಣ್ಣಲ್ಲಿ ಅದು ಮೂರು: ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ. ಮೂರಕ್ಕೂ ಬೇರೆ ಬೇರೆ ಹಕ್ಕು. ನಮ್ಮ ದೇಶದಲ್ಲಿ ಸಾಹಿತ್ಯ, ಸಂಗೀತದ ಕಾಪಿರೈಟ್ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ.

ಉದಾಹರಣೆಗೆ ಶಿಶುನಾಳ ಶರೀಫರನ್ನ ತಗೊಳ್ಳಿ. ಅವರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳನ್ನ ಯಾರು ಬೇಕಾದ್ರೂ ಹಾಡಬಹುದು. ಆದ್ರೆ ಆ ಪದಗಳಿಗೆ ಸಿ. ಅಶ್ವಥ್ ಹಾಕಿದ ಸಂಗೀತ ಇದೆಯಲ್ಲ, ಅದು ಬೇರೆ. ಅಶ್ವಥ್ ತೀರಿಕೊಂಡಿದ್ದು 2009ರಲ್ಲಿ, ಅಂದ್ರೆ ಆ ಸಂಯೋಜನೆಯ ಹಕ್ಕು 2069ರ ಕೊನೆವರೆಗೆ ಜೀವಂತ. ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆವರೆಗೆ. ನಮ್ಮ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಕವಿಯ ಜೈಮಿನಿ ಭಾರತಕ್ಕೆ ಇದ್ಯಾವುದೂ ಇಲ್ಲ. ಗಮಕಿಗಳು ಹಾಡ್ತಾ ಬಂದಿದ್ದಾರೆ, ನೀವು ಬೇಕಾದ್ರೆ ಗಿಟಾರ್ ಹಿಡಿದೂ ಹಾಡಬಹುದು.

ಹಾಗಾದ್ರೆ ಗಣಪತಿ ಸ್ಟೇಜ್ ಮೇಲೆ ಊರೂರಲ್ಲೂ ಸಿನಿಮಾ ಹಾಡು ಹಾಡ್ತಾರಲ್ಲ, ಅದು ತಪ್ಪಾ? ಇಲ್ಲೇ ನಮ್ಮಂಥವರಿಗೆ ಕಾಯ್ದೆ ಒಂದು ಬಾಗಿಲು ತೆರೆದಿಟ್ಟಿದೆ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಹಲವು ವಿನಾಯಿತಿಗಳಿವೆ. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ಜನರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಕ್ಕಾಗಿ, ಸಾಹಿತ್ಯ, ನಾಟಕ, ಸಂಗೀತ ಕೃತಿಗಳನ್ನ ಪ್ರದರ್ಶಿಸಿದ್ರೆ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ. ನಿಜವಾದ ಧಾರ್ಮಿಕ ಆಚರಣೆಗೂ ಇಂಥದ್ದೇ ವಿನಾಯಿತಿ ಇದೆ, ಅದರಲ್ಲಿ ಮದುವೆ ಮೆರವಣಿಗೆಯೂ ಸೇರುತ್ತೆ.

ಎರಡು ಮಾತು ನೆನಪಿಟ್ಕೊಳ್ಳಿ. ಒಂದು, ಸಂಭಾವನೆ ಮಾತಾಡಿಕೊಂಡು ಹೋಗೋ ಆರ್ಕೆಸ್ಟ್ರಾಗಳು 'ಹವ್ಯಾಸಿ' ಅನ್ನೋ ಪದದ ಹಿಂದೆ ನಿಲ್ಲೋದು ಕಷ್ಟ. ಎರಡು, ಹವ್ಯಾಸಿ ಸಂಘದ ವಿನಾಯಿತಿ ಇರೋದು ಜನರ ಮುಂದೆ ಪ್ರದರ್ಶನ ಕೊಡೋಕೆ. ಅದನ್ನೇ ರೆಕಾರ್ಡ್ ಮಾಡಿ ಇಂಟರ್ನೆಟ್‌ಗೆ ಹಾಕೋದು ಬೇರೆ ಕೆಲಸ. ಅದೂ ಮೈನಸ್ ಟ್ರ್ಯಾಕ್ ಇದ್ರೆ, ನಾವು ಹಾಡಿದ್ದು ಮಾತ್ರ ಅಲ್ಲ, ಬೇರೆಯವರ ಧ್ವನಿಮುದ್ರಣವನ್ನೂ ಅಪ್‌ಲೋಡ್ ಮಾಡಿದ ಹಾಗೆ.

ಯಂತ್ರಕ್ಕೆ ಯಾರ ದನಿ ಗೊತ್ತು?

ನೋಟಿಸ್ ಕಳಿಸಿದ್ದು ಮನುಷ್ಯ ಅಲ್ಲ, ಸಾಫ್ಟ್‌ವೇರ್. ಹಕ್ಕುದಾರ ಕಂಪನಿಗಳು ತಮ್ಮ ಹಾಡುಗಳನ್ನ ಮೊದಲೇ ವಿಡಿಯೋ ಸೈಟಿಗೆ ಕೊಟ್ಟಿರ್ತಾರೆ. ಯಾವ ಕ್ಷಣಕ್ಕೆ ಯಾವ ಕಂಪನಾಂಕ ಜೋರಾಗಿದೆ ಅನ್ನೋದರ ಮೇಲೆ ಪ್ರತಿ ಹಾಡಿಗೂ ಒಂದು ಬೆರಳಚ್ಚು ತಯಾರಾಗುತ್ತೆ. ನೀವು ಹಾಕೋ ವಿಡಿಯೋವನ್ನ ಆ ಬೆರಳಚ್ಚುಗಳ ಜೊತೆ ತಾಳೆ ನೋಡ್ತಾರೆ. ಪಟಾಕಿ, ಸಿಳ್ಳೆ, ಡೊಳ್ಳು ಎಲ್ಲಾ ಸೇರಿದ್ರೂ ಹಿಂದಿನ ಟ್ರ್ಯಾಕ್ ಸಿಕ್ಕಿಬೀಳಬಹುದು.

ಅದರಲ್ಲಿ ತಪ್ಪೇನಿಲ್ಲ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ದುಡ್ಡು ಸೇರಬೇಕು. 2012ರ ತಿದ್ದುಪಡಿ ಆದಮೇಲೆ ಸಿನಿಮಾ ಹಾಡಿನ ಕವಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯಲ್ಲಿ ಪಾಲಿದೆ. ಹಾಡು ಥಿಯೇಟರಿನಲ್ಲಿ ಸಿನಿಮಾದ ಭಾಗವಾಗಿ ಕೇಳಿಸೋದು ಬಿಟ್ಟು ಬೇರೆ ಕಡೆ ಬಳಕೆಯಾದಾಗ ಸಿಗೋ ಪಾಲು ಅದು.

ಆದ್ರೆ ನನಗೆ ಚುಚ್ಚಿದ್ದು ಇನ್ನೊಂದು ವಿಷಯ. ಅದೇ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತಾನೂ ಇದೆ. ಹಾಡೋರು, ಬಾರಿಸೋರು, ಕುಣಿಯೋರು ಎಲ್ಲರೂ ಪ್ರದರ್ಶಕರೇ. ಅವರ ಒಪ್ಪಿಗೆ ಇಲ್ಲದೆ ಅವರ ಪ್ರದರ್ಶನವನ್ನ ರೆಕಾರ್ಡ್ ಮಾಡಿ ಜಗತ್ತಿಗೆ ಹಂಚೋ ಹಾಗಿಲ್ಲ. ಆ ಹಕ್ಕು 50 ವರ್ಷ ಇರುತ್ತೆ. ಬೀರಪ್ಪನ ಪದ ಯಾರು ಕಟ್ಟಿದ್ದು ಅಂತ ಗೊತ್ತಿಲ್ಲದಷ್ಟು ಹಳೇದಿರಬಹುದು, ಪದಕ್ಕೆ ಕಾಪಿರೈಟ್ ಇಲ್ಲದಿರಬಹುದು. ಆದ್ರೆ ಅವತ್ತು ರಾತ್ರಿ ಅದನ್ನ ಹಾಡಿದ ಅಜ್ಜನಿಗೆ ಹಕ್ಕಿತ್ತು. ನಾನು ಅವರನ್ನ ಒಂದು ಮಾತೂ ಕೇಳಿರಲಿಲ್ಲ.

ಟ್ರ್ಯಾಕ್ ಕಂಪನಿಯ ಪರವಾಗಿ ಯಂತ್ರ ಕಾವಲು ಕೂತಿತ್ತು. ಅಜ್ಜನ ಪರವಾಗಿ ಇರಬೇಕಾದವರು ನಾವು. ನಾವು ಸ್ಟೋರೇಜ್ ಕ್ಲೀನ್ ಮಾಡ್ತಿದ್ವಿ.

ಈಗ ನಾವು ಏನು ಮಾಡ್ತೀವಿ

ಇದು ನಮ್ಮ ತಂಡದ ನಿಯಮ. ನಿಮಗೂ ಉಪಯೋಗ ಆಗಬಹುದು.

ರೆಕಾರ್ಡ್ ಮಾಡೋಕೆ ಮುಂಚೆ ಕೇಳ್ತೀವಿ. ರೆಕಾರ್ಡಿಂಗ್ ಶುರುವಾದಮೇಲೆ ಮೊದಲ ನಿಮಿಷದಲ್ಲೇ ಹಾಡುವವರ ಹೆಸರು, ಊರು, ಪದ ಯಾರಿಂದ ಕಲಿತಿದ್ದು, ಆನ್‌ಲೈನ್ ಹಾಕಬಹುದಾ ಬೇಡವಾ, ಇಷ್ಟನ್ನ ಅವರ ಬಾಯಲ್ಲೇ ಹೇಳಿಸ್ತೀವಿ. ಬೇಡ ಅಂದ್ರೆ ಹಾಕಲ್ಲ, ಅವರ ಮನೆಯವರಿಗೆ ಒಂದು ಕಾಪಿ ಕೊಟ್ಟು ಸುಮ್ಮನಾಗ್ತೀವಿ.

ಜನಪದ ಹಾಡೋವಾಗ ಮೈನಸ್ ಟ್ರ್ಯಾಕ್ ಹತ್ತಿರಕ್ಕೂ ತರಲ್ಲ. ಸಿನಿಮಾ ಹಾಡು ಬೇರೆ ಫೈಲು, ಪದ ಬೇರೆ ಫೈಲು.

ವಿಡಿಯೋ ಜೊತೆಗೆ ಇನ್ನೊಂದು ಫೋನಲ್ಲಿ ಬರೀ ಆಡಿಯೋ ರೆಕಾರ್ಡ್ ಮಾಡ್ತೀವಿ. ಆ ಫೋನ್ ಸ್ಪೀಕರ್ ಮುಂದೆ ಇಡಬೇಡಿ, ಡೊಳ್ಳಿನ ಸದ್ದಿಗೆ ದನಿ ಒಡೆದುಹೋಗುತ್ತೆ. ಸ್ವಲ್ಪ ದೂರ, ಹಾಡುವವರ ಮುಖಕ್ಕೆ ಎದುರಾಗಿ ಇಡಿ.

ಒರಿಜಿನಲ್ ಫೈಲ್ ಎರಡು ಜಾಗದಲ್ಲಿ ಇಡ್ತೀವಿ, ಒಂದು ಪೆನ್‌ಡ್ರೈವ್, ಒಂದು ಲ್ಯಾಪ್‌ಟಾಪ್, ಎರಡೂ ಬೇರೆ ಬೇರೆ ಮನೆಯಲ್ಲಿ. ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದ್ರೆ ಕ್ವಾಲಿಟಿ ಇಳಿಯುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ. ಅಪ್‌ಲೋಡ್ ಆಯ್ತು ಅಂದ್ರೆ ಉಳೀತು ಅಂತಲ್ಲ.

ನೋಟಿಸ್ ಬಂದ್ರೆ ಗಾಬರಿ ಆಗಬೇಡಿ. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ತಕರಾರು ಇದೆ ಅಂತ ಸಾಮಾನ್ಯವಾಗಿ ಅದರಲ್ಲೇ ಇರುತ್ತೆ. ಪೂರ್ತಿ ಓದಿ, ಅಷ್ಟು ಭಾಗ ಮಾತ್ರ ತೆಗೆಯಿರಿ. ಸುಳ್ಳು ಹೇಳಿ ಜಗಳಕ್ಕೆ ಹೋಗಬೇಡಿ. ಹಾಡು ನಿಮ್ಮದೇ ಆಗಿದ್ರೆ ಮಾತ್ರ ಬಿಡಬೇಡಿ.

ಉಳಿದಿದ್ದು

ಹೋದ ತಿಂಗಳು ಆ ವಿಡಿಯೋ ಹಿಡಿದು ಅಜ್ಜನ ಊರಿಗೆ ಹೋಗಿದ್ವಿ. ಅವರ ಜೊತೆ ನಲವತ್ತು ವರ್ಷ ಬಾರಿಸಿದ ಇನ್ನೊಬ್ಬ ಹಿರಿಯರು ಇದ್ದಾರೆ. ಜಗಲಿ ಮೇಲೆ ಕೂತು ಫೋನ್ ನೋಡಿದ್ರು. "ಸೌಂಡ್ ಇಲ್ಲ ದೊಡ್ಡಪ್ಪ, ತಪ್ಪಾಯ್ತು" ಅಂದೆ. ಅವರು ಉತ್ತರ ಕೊಡಲಿಲ್ಲ. ಅಜ್ಜನ ಬಲಗೈ ಕೋಲು, ಎಡಗೈ ಅಂಗೈ ಎರಡನ್ನೇ ನೋಡ್ತಾ, ತಮ್ಮ ತೊಡೆ ಮೇಲೆ ಅದೇ ಪೆಟ್ಟು ಹಾಕೋಕೆ ಶುರುಮಾಡಿದ್ರು. ನಾನು ಬೇರೆ ಫೋನಲ್ಲಿ ರೆಕಾರ್ಡ್ ಒತ್ತಿದೆ. ಈ ಸಲ ಕೇಳಿಕೊಂಡೇ ಒತ್ತಿದ್ದು.

ಪೆಟ್ಟು ಪೂರ್ತಿ ಸಿಕ್ತು. ಪದದಲ್ಲಿ ಮೊದಲ ಎರಡು ನುಡಿ ಅವರಿಗೆ ನೆನಪಿತ್ತು. "ಮುಂದಿಂದು ಅವನಿಗೇ ಗೊತ್ತಿದ್ದಿದ್ದು ಕಣಪ್ಪ" ಅಂದ್ರು.

ನಿಮ್ಮ ಊರಲ್ಲೂ ಹೀಗೆ ಹಾಡೋರು ಒಬ್ಬರಾದ್ರೂ ಇರ್ತಾರೆ. ಈ ಭಾನುವಾರ ಹೋಗಿ ಕೇಳಿ, ಒಪ್ಪಿದ್ರೆ ರೆಕಾರ್ಡ್ ಮಾಡಿ. ಫೋನಲ್ಲಿ ಜಾಗ ಇಲ್ಲ ಅಂದ್ರೆ ಬೇರೆ ಏನಾದ್ರೂ ಡಿಲೀಟ್ ಮಾಡಿ.