ಹಸಿರು ನೊಣ ಕಂಡರೆ ಮೂಲ ಹುಡುಕಿ

ಹಸಿರು ಇಲ್ಲವೆ ನೀಲಿ ಬಣ್ಣದಲ್ಲಿ ತಗಡಿನಂತೆ ಹೊಳೆಯುವ ದಪ್ಪ ನೊಣಗಳು ಕಿಟಕಿಯ ಬಳಿ ಗುಂಯ್‌ಗುಡುತ್ತಿವೆಯೇ? ಇವು ಬೂದು ಬಣ್ಣದ ಸಾಮಾನ್ಯ ನೊಣಗಳಲ್ಲ. ಸತ್ತ ಪ್ರಾಣಿ, ಕೊಳೆತ ಮಾಂಸ, ಮಲದ ಮೇಲೆ ಕೂರುವ ಇವು ಅಲ್ಲಿಂದ ರೋಗಾಣುಗಳನ್ನು ನಮ್ಮ ಆಹಾರಕ್ಕೆ ತರುತ್ತವೆ.

ಇವು ಒಮ್ಮೆಲೇ ಹೆಚ್ಚಾದರೆ ಅಟ್ಟ, ಫ್ರಿಜ್ಜಿನ ಹಿಂಬದಿ, ಮೂಟೆಗಳ ಸಂದಿಯನ್ನು ಪರೀಕ್ಷಿಸಿ. ಪಾಷಾಣ ತಿಂದ ಇಲಿ ಅಲ್ಲಿ ಸತ್ತಿರಬಹುದು. ಮೊಟ್ಟೆ ಸುಮಾರು ಒಂದು ದಿನದಲ್ಲೇ ಒಡೆದು ಹುಳುವಾಗುತ್ತದೆ; ಸೆಕೆಯಲ್ಲಿ ಸುಮಾರು ಎರಡು ವಾರಗಳಲ್ಲಿ ಹೊಸ ನೊಣ ಸಿದ್ಧ. ಆದ್ದರಿಂದ ಮೂಲ ತೆಗೆಯದೆ ಕೀಟನಾಶಕ ಸಿಂಪಡಿಸಿ ಫಲವಿಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಇಲಿಯನ್ನು ಎತ್ತಿ ಆಳವಾಗಿ ಹೂಳಿ. ಆ ಜಾಗವನ್ನು ಫಿನಾಯಿಲ್‌ನಿಂದ ತೊಳೆಯಿರಿ. ಕಸದ ಬುಟ್ಟಿಗೆ ಮುಚ್ಚಳವಿರಲಿ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರೋ ಕಾಲಿನಲ್ಲಿ ಹುಣ್ಣಾದ ಸಕ್ಕರೆ ಕಾಯಿಲೆಯವರೋ ಇದ್ದರೆ ಇನ್ನಷ್ಟು ಎಚ್ಚರ ಬೇಕು. ಈ ನೊಣಗಳಲ್ಲಿ ಕೆಲವು ತೆರೆದ ಗಾಯದಲ್ಲೇ ಮೊಟ್ಟೆಯಿಡುತ್ತವೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಹುಳು ಬಿದ್ದದ್ದು ತಿಳಿಯದೆಯೂ ಹೋಗಬಹುದು. ಗಾಯವನ್ನು ಸದಾ ಮುಚ್ಚಿಡಿ. ವೈದ್ಯರು ಹೇಳಿದಂತೆ ಬ್ಯಾಂಡೇಜ್ ಬದಲಿಸಿ. ಹಗಲಲ್ಲೂ ಸೊಳ್ಳೆಪರದೆ ಕಟ್ಟಿ. ಹುಳು ಕಂಡರೆ ಸೀಮೆಎಣ್ಣೆಯನ್ನಾಗಲಿ ಫಿನಾಯಿಲನ್ನಾಗಲಿ ಸುರಿಯಬೇಡಿ, ಅದರಿಂದ ಗಾಯ ಸುಟ್ಟು ಹೋಗುತ್ತದೆ. ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.